ಕಿದ್ವಾಯಿ ಸಾಹೇಬರ ಬೀಗ

ಮೊದಲ ಕಲ್ಲು ಮಹಡಿಯ ಕಿಟಕಿಯ ಗಾಜು ಒಡೆದು ಒಳಗೆ ಬಂದಾಗ ಕಿದ್ವಾಯಿ ಸಾಹೇಬರು ಗೇಟಿನ ಹೊರಗೆ ಜನರ ಸಾಲು ಎಲ್ಲಿದೆ ಎಂದು ಹುಡುಕುತ್ತಿದ್ದರು. ಎರಡನೆಯ ಕಲ್ಲು ಪಕ್ಕದಲ್ಲೇ ನಿಂತಿದ್ದ ಕರೆಂಟ್ ಆಫೀಸಿನ ಮ್ಯಾನೇಜರ್ ಹಮ್ದಾನಿಯ ಬಾಯಿಗೆ ಬಿತ್ತು. ಆತ ಮುಖ ಮುಚ್ಚಿಕೊಂಡು ಕುಕ್ಕರಿಸಿದ. ಬೆರಳ ಸಂದಿಯಿಂದ ರಕ್ತದ ಜೊತೆ ಎರಡು ಹಲ್ಲು ಜಾರಿ ನೆಲಕ್ಕೆ ಬಿದ್ದವು. ಸಾಹೇಬರು ಅದನ್ನು ನೋಡಿದರು, ಮತ್ತೆ ಗೇಟಿನ ಕಡೆ ನೋಡಿದರು. ಮೂರನೆಯ ದಿನ ಸಾಯಂಕಾಲ ಸಾಲು ಬರಲೇಬೇಕಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ಅದು ತಪ್ಪಿದ್ದೇ ಇಲ್ಲ.

ತೌಸೀಫ್ ಕಿದ್ವಾಯಿ ಕರೆಂಟ್ ಕಂಪನಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅದಕ್ಕೆ ಮೊದಲು ಅವರು ಬ್ಯಾಂಕುಗಳ ಕಿವಿ ಹಿಂಡುವ ಸರ್ಕಾರಿ ಸಾಹೇಬರು. ಜನರ ಠೇವಣಿ ನುಂಗಿ ತೇಗುವ ಕಂಪನಿಗಳನ್ನು ಹಿಡಿದು ಬಾಗಿಲು ಹಾಕಿಸುವುದರಲ್ಲಿ ಕರಾಚಿಯಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಲಂಚ ಮುಟ್ಟಿದವರಲ್ಲ. ಯಾರದಾದರೂ ಹಂಗು ಬಿದ್ದೀತೆಂದು ಮದುವೆ ಮನೆಯ ಬಿರಿಯಾನಿಯನ್ನೂ ಉಂಡವರಲ್ಲ. ಪ್ರಾಮಾಣಿಕ ಮನುಷ್ಯ. ನನ್ನನ್ನು ಕೇಳಿದರೆ ಅದೇ ಅವರ ರೋಗ. ಕಳ್ಳನಿಗಾದರೂ ಎಲ್ಲೋ ಒಂದು ಕಡೆ ತನ್ನ ಮೇಲೆ ಅನುಮಾನ ಇರುತ್ತದೆ.

ಸಫೀನಾ ಫೈನಾನ್ಸ್ ಎಂಬ ಕಂಪನಿಗೆ ಬೀಗ ಜಡಿದಾಗ ಠೇವಣಿ ಇಟ್ಟವರು ಶಟರಿನ ಮುಂದೆ ರಂಪ ಎಬ್ಬಿಸಿದರು. ಕ್ಯಾಷಿಯರನ ಎರಡೂ ಕೈ ಮುರಿದರು. ಕಾವಲುಗಾರನೊಬ್ಬನ ಮುಖದ ಮೇಲೆ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದರು. ಕಿದ್ವಾಯಿ ಒಳಗೆ ಕೂತು ಬಿಸ್ಕತ್ತು ತಿನ್ನುತ್ತ ಕಾದರು. ಮೂರನೆಯ ದಿನ ಅದೇ ಜನ ತಾವಾಗಿಯೇ ಸಾಲಾಗಿ ನಿಂತರು. ಮುದುಕನೊಬ್ಬ ಎಲ್ಲರಿಗೂ ನಂಬರು ಹಂಚಿದ. ಅಂದಿನಿಂದ ಸಾಹೇಬರು ಒಂದು ಮಾತನ್ನು ಗಂಟು ಹಾಕಿಕೊಂಡರು: ಜನ ಮೂರು ದಿನ ಕೂಗುತ್ತಾರೆ, ಆಮೇಲೆ ಸಾಲಿಗೆ ಬರುತ್ತಾರೆ. ಕೈ ಮುರಿದ ಕ್ಯಾಷಿಯರನೂ ಮುಖ ಸುಟ್ಟ ಕಾವಲುಗಾರನೂ ಆ ಮಾತಿನೊಳಗೆ ಎಲ್ಲಿಯೂ ಬರಲಿಲ್ಲ.

ಇನ್ನೊಂದು ಪಾಠವನ್ನೂ ಅಲ್ಲೇ ಕಲಿತರು. ಬೀಗ ಹಾಕಿದ ರಾತ್ರಿ ಮೇಲಿನಿಂದ ಯಾರೋ ದೊಡ್ಡವರ ಫೋನ್ ಬಂದು ಹಿಂಬಾಗಿಲು ತೆರೆಯಿತು. ಕಾರಿನವರೆಲ್ಲ ತಮ್ಮ ಹಣ ಒಯ್ದರು, ಸೈಕಲ್ಲಿನವರು ಮುಂಬಾಗಿಲಲ್ಲಿ ಎದೆ ಬಡಿದುಕೊಂಡರು. ಕಿದ್ವಾಯಿಗೆ ಆ ರಾತ್ರಿ ನಿಜವಾಗಿ ಅಳು ಬಂದಿತ್ತು. ಬೀಗ ಹಾಕಿದವನ ಕೈಯಲ್ಲೂ ಕೀಲಿ ಇರಬಾರದು ಎಂದು ಅವರು ಅಂದೇ ತೀರ್ಮಾನಿಸಿದರು.

ಅವರ ಈ ಹೆಸರು ಕೇಳಿಯೇ ಕರೆಂಟ್ ಕಂಪನಿಯ ಮಾಲೀಕರು ನಿವೃತ್ತಿಯ ಮರುದಿನ ಕಾರು ಕಳಿಸಿ ಕರೆಸಿಕೊಂಡರು. ಊರ ತುಂಬ ತಂತಿಗೆ ಕೊಕ್ಕೆ ಎಸೆದು ಕರೆಂಟು ಕದಿಯುವವರು. ಸಾಹೇಬರಿಗೆ ಹೊಸದೇನೂ ಕಾಣಲಿಲ್ಲ, ಇದೂ ಒಂದು ದಿವಾಳಿ ಬ್ಯಾಂಕ್ ಅಷ್ಟೆ. ಕಳ್ಳತನ ಹದ್ದು ಮೀರಿದ ಮೊಹಲ್ಲಾಕ್ಕೆ ಮೂರು ದಿನ ಪೂರ್ತಿ ಬೀಗ. ಕದ್ದವರಿಗೂ ಇಲ್ಲ, ನಿಯತ್ತಾಗಿ ಕಟ್ಟುವವರಿಗೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ. ಆದರೆ ಸಾಹೇಬರಿಗೆ ಎತ್ತು ಎಮ್ಮೆ ಎಂಬ ಭೇದ ಇರಲಿಲ್ಲ.

ಮೊದಲ ತಿಂಗಳಲ್ಲೇ ಒಂದು ತಮಾಷೆ ನಡೆಯಿತು. ಬೀಗ ಬಿದ್ದ ಮೊಹಲ್ಲಾವೊಂದರ ನಗೆನಾಟಕದವನೊಬ್ಬ ಸಾಹೇಬರ ಮೂಗಿನ ಧ್ವನಿಯನ್ನು ಹಾಗೇ ಅನುಕರಿಸಿ, ಊರಿಗೆ ಕರೆಂಟು ಹರಿಸುವ ಗ್ರಿಡ್‌ಗೆ ಫೋನ್ ಮಾಡಿದ. "ನಾನು ಕಿದ್ವಾಯಿ ಮಾತಾಡ್ತಾ ಇರೋದು, ಆ ಮೊಹಲ್ಲಾಕ್ಕೆ ಲೈನ್ ಬಿಡಿ" ಎಂದ. ಗ್ರಿಡ್‌ನವರು ಬಿಟ್ಟೂಬಿಟ್ಟರು. ಊರೆಲ್ಲ ವಾರಗಟ್ಟಲೆ ನಕ್ಕಿತು. ಸಾಹೇಬರು ನಗಲಿಲ್ಲ. ಹೊಸ ಹುಕುಂ ಹೊರಟಿತು: ಬೀಗ ಹಾಕಿದ ಮೇಲೆ ಗಡುವು ಮುಗಿಯುವವರೆಗೆ ಯಾರ ಫೋನ್ ಬಂದರೂ ಲೈನ್ ಬಿಡಕೂಡದು, ಗಡುವು ಮುಗಿದ ಗಳಿಗೆಗೆ ಯಾರು ಬೇಡವೆಂದರೂ ನಿಲ್ಲಿಸಕೂಡದು. ನನ್ನ ಧ್ವನಿಯನ್ನೂ ನನ್ನ ನಂಬರನ್ನೂ ನಂಬಕೂಡದು. ತೆರೆಯುವ ಗಳಿಗೆ ಗ್ರಿಡ್‌ಗೆ ಮತ್ತು ನನಗೆ ಬಿಟ್ಟು ಮೂರನೆಯವರಿಗೆ ತಿಳಿಯಕೂಡದು. ಮುಂದೆ ಶಾಸಕನೊಬ್ಬ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದರೂ ಬಗ್ಗದ ಗ್ರಿಡ್‌ನ ಹುಡುಗಿ ಫರ್ಹೀನಳನ್ನು ಎಲ್ಲರೆದುರು ಕರೆದು, "ನನಗೆ ಇಂಥವರು ಬೇಕು" ಎಂದು ಬೆನ್ನು ತಟ್ಟಿದ್ದರು.

ಜೂನ್ ತಿಂಗಳ ಉರಿಯಲ್ಲಿ, ಸಮುದ್ರದ ಗಾಳಿಯೂ ನಿಂತುಹೋದ ವಾರದಲ್ಲಿ, ಚೂನಾಭಟ್ಟಿಗೆ ಬೀಗ ಬಿತ್ತು. ಹಳೆಯ ಸುಣ್ಣದ ಗೂಡುಗಳ ಸುತ್ತ ಬೆಳೆದ ಇಕ್ಕಟ್ಟಿನ ಮೊಹಲ್ಲಾ ಅದು. ತಗಡಿನ ಸೂರು, ತಗ್ಗು ಮನೆ. ಮೊದಲ ದಿನ ಹುಡುಗರು ಸಿಟ್ಟಿಗೆ ಕಲ್ಲು ಹೊಡೆದು ಮಸೀದಿ ತಿರುವಿನ ಕಂಬದಲ್ಲಿ ತಂತಿಯನ್ನೇ ಹರಿದು ಹಾಕಿದರು. ಎರಡನೆಯ ರಾತ್ರಿ ಬುಂದನ್ ಪೈಲ್ವಾನ್ ಸತ್ತರು. ಅಖಾಡದಲ್ಲಿ ಆಳುಗಳನ್ನು ಎತ್ತಿ ಒಗೆದ ಮನುಷ್ಯ, ಮುದಿತನದಲ್ಲಿ ಉಸಿರಿನ ಯಂತ್ರದ ನಳಿಕೆ ಮೂಗಿಗೆ ಇಟ್ಟುಕೊಂಡು ಬದುಕಿದ್ದರು. ಬ್ಯಾಟರಿ ಮುಗಿದು ಯಂತ್ರ ನಿಂತಿತು, ಪೈಲ್ವಾನರೂ ನಿಂತರು. ಬಿಲ್ಲನ್ನು ತಪ್ಪದೆ ಕಟ್ಟುತ್ತಿದ್ದವರು ಅವರೊಬ್ಬರೇ. ಕೊಕ್ಕೆ ಎಸೆಯುವ ಹುಡುಗರನ್ನು "ಹರಾಮಿನ ಗಾಳಿಯಲ್ಲಿ ನಿದ್ದೆ ಹೇಗೆ ಬರುತ್ತೋ ನಿಮಗೆ?" ಎಂದು ಬೈಯುತ್ತಿದ್ದರು. ಮಗ ಅಚ್ಛನ್ ಮಂಜುಗಡ್ಡೆ ಒಡೆದು ಮಾರುವವನು. ಚೂನಾಭಟ್ಟಿಯ ಮಂಜಿನ ಕಾರ್ಖಾನೆಯೂ ಮುಚ್ಚಿದ್ದರಿಂದ ಊರಾಚೆಯಿಂದ ಗಡ್ಡೆ ತಂದು ಅಪ್ಪನ ಸುತ್ತ ಜೋಡಿಸಿದ.

ಮೂರನೆಯ ದಿನ ಮಧ್ಯಾಹ್ನ ಊರವರೆಲ್ಲ ಕೂಡಿ, ಹೆಣ ಹೊತ್ತ ಮಂಚವನ್ನು, ಜನಾಜಾವನ್ನು, ಕರೆಂಟ್ ಆಫೀಸಿನ ಗೇಟಿಗೇ ಇಡುವುದು, ಲೈನ್ ಬರುವ ತನಕ ಮಣ್ಣು ಮಾಡುವುದಿಲ್ಲ ಎಂದು ನಿಶ್ಚಯಿಸಿದರು. ಸಾಲು ನೋಡಲೆಂದು ಆಸೆಯಿಂದ ಬಂದಿದ್ದ ಕಿದ್ವಾಯಿ ಸಾಹೇಬರ ಎದುರಿಗೆ ಬಂದದ್ದು ಅದು.

"ಸರ್, ಕೆಳಗೆ ಕೂತ್ಕೊಳ್ಳಿ!" ಎಂದು ಹಮ್ದಾನಿ ರಕ್ತ ಉಗುಳುತ್ತ ಕೂಗಿದ.

ಕೆಳಗೆ ಗೇಟು ಬಾಗತೊಡಗಿತ್ತು. ಕಾವಲಿನ ಮುಖ್ಯಸ್ಥ, ಮಾಜಿ ಸುಬೇದಾರ್ ಗುಲ್ಬಾಜ್, ಮೊದಲು ಗಾಳಿಯಲ್ಲಿ ಗುಂಡು ಹಾರಿಸಿದ. ಎರಡನೆಯ ಸಲ ಅವನ ಬಂದೂಕು ಕೆಳಗಿಳಿಯಿತು. ಹೆದರಿಕೆಯೋ, ಸಿಟ್ಟೋ, ಯಾರು ಬಲ್ಲರು. ಜನರ ನಡುವೆ ಒಬ್ಬ ಹೊಟ್ಟೆ ಹಿಡಿದು ಬಗ್ಗಿದ, ಇನ್ನೊಬ್ಬನ ದವಡೆ ಹಾರಿಹೋಯಿತು. ಆಮೇಲೆ ಗೇಟು ಕಿತ್ತು ಬಿತ್ತು. ಗುಲ್ಬಾಜನ ಬಂದೂಕನ್ನು ಕಿತ್ತು ಅದರ ಹಿಡಿಯಿಂದಲೇ ಹೊಡೆದರು. ತಲೆಗೆ ಬಿದ್ದ ಪೆಟ್ಟಿನ ಸದ್ದು ಮಹಡಿಯವರೆಗೆ ಕೇಳಿಸಿತು. ಅವನು ಬಿದ್ದ ಮೇಲೂ ಹೊಡೆದರು, ಸತ್ತ ಮೇಲೂ ಹೊಡೆದರು. ಹೊಡೆಯುವವರಲ್ಲಿ ಒಬ್ಬ, "ನಿನ್ನವ್ವನ್, ಏಳೋ, ಇನ್ನೊಂದು ಹೊಡಿ ನೋಡಾಣ!" ಎಂದು ಅಳುತ್ತಲೇ ಕೇಳುತ್ತಿದ್ದ.

ಸಾಹೇಬರು ಕೊರಳಿನ ಟೈ, ಎದೆಯ ಬಿಲ್ಲೆ, ಕೋಟು ಎಲ್ಲ ಕಿತ್ತೆಸೆದು ಹಿಂದಿನ ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಗಲ್ಲಿಗೆ ಹಾರಿದರು. ಗೋಡೆಯ ಮೇಲಿನ ಗಾಜಿನ ಚೂರು ಅಂಗೈಯನ್ನು ಉದ್ದಕ್ಕೆ ಸೀಳಿತು. ಕೆಳಗೆ ಬಿದ್ದು ತಲೆ ಎತ್ತಿದರೆ ಎದುರಿಗೇ ಜನಾಜಾ ಬರುತ್ತಿದೆ.

ಗುಂಡಿನ ಸದ್ದಿಗೆ ಹೊತ್ತವರು ಹಿಂದಿನ ಗಲ್ಲಿಗೆ ತಿರುಗಿಸಿದ್ದರು. ಮುಂದಿನ ಎಡ ಮೂಲೆಯಲ್ಲಿದ್ದವನ ತೊಡೆಯಲ್ಲಿ ಗುಂಡು ಹೊಕ್ಕಿತ್ತು. ಅಷ್ಟು ದೂರ ಹೇಗೋ ಕುಂಟುತ್ತ ಬಂದವನು ಸಾಹೇಬರ ಕಣ್ಣೆದುರೇ ಕುಸಿದ. ಮೂಲೆ ವಾಲಿತು. ಪೈಲ್ವಾನರ ಭಾರ, ಮಂಜಿನ ಭಾರ, ಎಲ್ಲ ಒಂದೇ ಕಡೆ ಜಾರಿತು. ಆ ಊರಲ್ಲಿ ಹುಟ್ಟಿ ಬೆಳೆದವನು ಯಾರೇ ಆಗಲಿ ಜನಾಜಾ ಬೀಳುವುದನ್ನು ನೋಡುತ್ತ ನಿಲ್ಲಲಾರ. ಕಿದ್ವಾಯಿ ಯೋಚಿಸಲಿಲ್ಲ. ಹೋಗಿ ಹೆಗಲು ಕೊಟ್ಟರು.

"ಜೀತೇ ರಹೋ ಚಾಚಾ!" ಎಂದು ಹಿಂದಿನಿಂದ ಯಾರೋ ಹರಸಿದರು. ಮೆರವಣಿಗೆ ನಡೆಯಿತು. ಶವದೊಡನೆ ಹೇಳುವ ಕಲಿಮಾದ ಕೂಗು ಗೋಡೆಯಿಂದ ಗೋಡೆಗೆ ಬಡಿಯಿತು. ಮಂಜು ಕರಗಿ ಹಲಗೆಯ ಸಂದಿಯಿಂದ ತಣ್ಣನೆಯ ನೀರು ಸಾಹೇಬರ ಕತ್ತಿಗೆ ಇಳಿಯುತ್ತಿತ್ತು. ಬದುಕಿದೆ ಎಂದುಕೊಂಡರು. ಹೀಗೇ ಹತ್ತು ಹೆಜ್ಜೆ ನಡೆದು ಇನ್ನೊಬ್ಬನಿಗೆ ಹೆಗಲು ಬಿಟ್ಟುಕೊಟ್ಟು ಜನರಲ್ಲಿ ಕರಗಿಹೋದರಾಯಿತು.

ಆಗ ಬಲ ಮೂಲೆಯಲ್ಲಿದ್ದವನು ಇತ್ತ ಮುಖ ತಿರುಗಿಸಿದ. ಇಬ್ಬರ ಮುಖದ ನಡುವೆ ಒಂದು ತೋಳಿನ ದೂರ. ಆತ ಟೀವಿಯಲ್ಲಿ ಆ ಮುಖವನ್ನು ಮೂರು ದಿನದಿಂದ ನೋಡಿದ್ದ, ಅವನ ಮೊಹಲ್ಲಾದ ಟೀವಿ ಸತ್ತಿದ್ದರೂ ಆಚೆಯ ಹೋಟೆಲಿನಲ್ಲಿ.

"ಕಿದ್ವಾಯಿ" ಎಂದ ಅಚ್ಛನ್. ಕೂಗಲಿಲ್ಲ. ಬಹಳ ಮೆಲ್ಲಗೆ ಹೇಳಿದ.

ಸಾಹೇಬರು ಕೋಲಿನ ಕೆಳಗಿಂದ ಹೆಗಲು ಸರಿಸಲು ನೋಡಿದರು.

"ಬೀಳಿಸಿದೆಯೋ, ಇಲ್ಲೇ ಸಿಗಿದುಬಿಡ್ತೀನಿ. ಸರಿಯಾಗಿ ಹೊರು. ಅಪ್ಪನ ಕೆಳಗೆ ಇರೋ ತನಕ ನಿನ್ನ ಯಾರೂ ಮುಟ್ಟಲ್ಲ, ನಾನೂ ಮುಟ್ಟಲ್ಲ. ಹೊರಗೆ ಬಂದೆ ಅಂದ್ರೆ ನೀನು ನನ್ನೋನು." ಅವನ ಸೊಂಟದಲ್ಲಿ ಮಂಜು ಒಡೆಯುವ ಉಕ್ಕಿನ ಸೂಜ ಸಿಕ್ಕಿಸಿತ್ತು, ಒಂದು ಗೇಣು ಉದ್ದದ್ದು.

ಮಾತು ಬಾಯಿಂದ ಬಾಯಿಗೆ ಹಿಂದಕ್ಕೆ ಹರಿಯಿತು. ಕಲಿಮಾ ನಿಲ್ಲಲಿಲ್ಲ, ಆದರೆ ಅದರ ನಡುನಡುವೆ ಬೈಗುಳ ಸೇರಿತು. "ಅಲ್ಲೇ ಇದಾನೆ, ಅಲ್ಲೇ ಹೊರ್ತಾ ಇದಾನೆ ಹಂದಿ." "ಕೊಂದೋನೇ ಹೆಗಲು ಕೊಡ್ತಾನಾ? ನಾಚಿಕೆ ಮಾರ್ಕೊಂಡಿದಾನೆ!" ಕೈಗಳು ಬಂದವು, ಜನಾಜಾದ ಹತ್ತಿರ ಬಂದು ನಿಂತವು. ಸತ್ತವರ ಮರ್ಯಾದೆ ಒಂದು ತೆಳ್ಳನೆಯ ಪರದೆ, ಅದನ್ನು ಯಾರೂ ಹರಿಯಲಿಲ್ಲ. ಮುಂದಿನ ಸಾಲಿನಲ್ಲಿದ್ದವರಿಗೆ ಇದೊಂದೂ ಕೇಳಿಸಿರಲಿಲ್ಲ. ಪುಣ್ಯದ ಆಸೆಗೆ ಒಬ್ಬೊಬ್ಬರೇ ಬಂದು, "ಬಿಡಿ ಚಾಚಾ, ಸುಸ್ತಾಗಿದೀರಿ, ನನಗೆ ಕೊಡಿ" ಎಂದು ಹೆಗಲು ಒಡ್ಡುತ್ತಿದ್ದರು. ಸಾಹೇಬರು ಕೋಲನ್ನು ಎರಡೂ ಕೈಯಿಂದ ಅಪ್ಪಿ ಹಿಡಿದು, "ಬೇಡ ಬೇಟಾ, ಬೇಡ, ಇನ್ನೊಂದು ಸ್ವಲ್ಪ" ಎಂದು ಗೋಗರೆದರು. ಕರಾಚಿಯಲ್ಲಿ ಅಂದು ಅವರಿಗೆ ಒಳ್ಳೆಯವರನ್ನು ಕಂಡಷ್ಟು ಭಯ ಕೆಟ್ಟವರನ್ನು ಕಂಡು ಆಗಲಿಲ್ಲ.

"ಫೋನ್ ಇದೆಯಾ?" ಎಂದ ಅಚ್ಛನ್.

"ಇದೆ."

"ಲೈನ್ ಹಾಕ್ಸು. ಅಪ್ಪನ ಮಣ್ಣಿಗೆ ಮೊದಲು ಮನೆಯಲ್ಲಿ ದೀಪ ಹತ್ತಬೇಕು. ಹಾಕ್ಸಿದ್ರೆ ಜೀವ ಸಹಿತ ಹೋಗ್ತೀಯ. ಅಪ್ಪನ ಆಣೆ."

ಅಷ್ಟರಲ್ಲಿ ಹಿಂದಿನಿಂದ ಒಬ್ಬನನ್ನು ಹಗ್ಗ ಕಟ್ಟಿ ಎಳೆತಂದರು. ಲೈನ್‌ಮನ್ ಯಾಮೀನ್. ತಂತಿ ರಿಪೇರಿಗೆಂದು ಬೆಳಿಗ್ಗೆ ಬಂದವನ ಗಾಡಿಯನ್ನು ಸುಟ್ಟಿದ್ದರು, ಅವನ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ಮೂಗು ಪಕ್ಕಕ್ಕೆ ತಿರುಗಿತ್ತು. ಸಾಹೇಬರನ್ನು ಕಂಡಾಗ ತೆರೆದಿದ್ದ ಇನ್ನೊಂದು ಕಣ್ಣಿನಲ್ಲಿ ಬಂದ ಹಗೆಯನ್ನು ನೋಡಿ ಊರವರೇ ಹಿಂದೆ ಸರಿದರು.

"ತಿರುವಿನ ಕಂಬ ಹತ್ತು, ತಂತಿ ಜೋಡ್ಸು" ಎಂದರು ಅವನಿಗೆ. "ನಿಮ್ಮ ಸಾಹೇಬ ಲೈನ್ ಬಿಡಿಸ್ತಾನೆ."

"ಜೋಡ್ಸೋಕೆ ಮೊದ್ಲು ನೆಲಕ್ಕೆ ಕಟ್ಟೋ ಸರಪಳಿ ಬೇಕು, ಅಕಸ್ಮಾತ್ ಕರೆಂಟು ಬಂದ್ರೂ ನೆಲಕ್ಕಿಳಿಯೋ ಹಾಗೆ. ಅದು ಗಾಡೀಲಿ ಇತ್ತು. ಗಾಡಿ ನೀವು ಸುಟ್ಟಿರಿ." ಯಾಮೀನ್ ಸಾಹೇಬರ ಕಡೆ ತಿರುಗಿದ. "ಸಾಹೇಬ್, ಬರೀ ಕೈಲಿ ಹಿಡೀಬೇಕು ನಾನು. ಲೈನ್ ಸತ್ತಿದೆ ತಾನೆ? ಒಂದು ಮಾತು ಹೇಳಿ. ಮನೇಲಿ ಮೂರು ಹೆಣ್ಮಕ್ಳಿದಾವೆ."

"ಸತ್ತಿದೆ" ಎಂದರು ಕಿದ್ವಾಯಿ. "ನೀನು ಕೆಳಗಿಳಿದು ಹೇಳೋ ತನಕ ಬಿಡಿಸೋದಿಲ್ಲ. ನನ್ನ ಬಿಟ್ಟು ಯಾರು ಬಿಡ್ತಾರೆ?"

ಯಾಮೀನನನ್ನು ಮುಂದಕ್ಕೆ ಎಳೆದೊಯ್ದರು. ಸಾಹೇಬರು ಸೀಳಿದ ಅಂಗೈಯಲ್ಲೇ ಫೋನ್ ಹಿಡಿದರು. ರಕ್ತಕ್ಕೆ ಬೆರಳು ಜಾರುತ್ತಿತ್ತು.

"ಫರ್ಹೀನ್, ನಾನು ಕಿದ್ವಾಯಿ. ಚೂನಾಭಟ್ಟಿ ಲೈನ್ ಬಿಡೋಕೆ ತಯಾರಾಗು. ನಾನು ಹೇಳಿದ ಕೂಡಲೇ ಬಿಡಬೇಕು."

"ಸಲಾಂ ಸರ್" ಎಂದಿತು ಅತ್ತಲಿನ ಧ್ವನಿ, ಬಲು ವಿನಯದಿಂದ. "ಆಗೋದಿಲ್ಲ ಸರ್. ಬೀಗದ ಲೈನು."

"ನಾನೇ ಹೇಳ್ತಾ ಇದೀನಲ್ಲ ತಾಯಿ! ನನ್ನ ಜೀವಕ್ಕೆ ಬಂದಿದೆ!"

"ನೀವೇ ಹೇಳಿದ್ದು ಸರ್, ಸಾಹೇಬರ ಧ್ವನೀನೂ ನಂಬಬೇಡ ಅಂತ. ಜೀವಕ್ಕೆ ಬಂದಿದೆ ಅಂತ ಅತ್ರೂ ನಂಬಬೇಡ ಅಂತ. ಹೋದ ಸಲದೋರು ಇಷ್ಟು ಚೆನ್ನಾಗಿ ಮಾಡಿರಲಿಲ್ಲ, ನಿಮ್ಮದು ಥೇಟ್ ಸಾಹೇಬರದೇ." ಫೋನ್ ಇಟ್ಟಳು.

ಅಚ್ಛನ್ ಎಲ್ಲ ಕೇಳಿಸಿಕೊಂಡಿದ್ದ. "ಚೆನ್ನಾಗಿದೆ ನಾಟಕ. ನಿನ್ನ ಮನೆ ಕೀಲಿ ನಿನ್ನ ಹತ್ರ ಇಲ್ಲ. ಹೊರು, ಹೊರು. ಕಬರಸ್ತಾನ ದೂರ ಏನಿಲ್ಲ."

ಮೂರು ದಿನ ಹೇಗೆ ಕಳೆದರೋ ಚೂನಾಭಟ್ಟಿಯವರಿಗೇ ಗೊತ್ತು, ಕಿದ್ವಾಯಿ ಸಾಹೇಬರಿಗೆ ಮುಂದಿನ ನಾಲ್ಕು ಗಲ್ಲಿಗಳಲ್ಲಿ ತಿಳಿಯಿತು. ಕೋಲು ಹೆಗಲಿನ ಚರ್ಮವನ್ನು ಸುಲಿದು ಎಲುಬಿಗೆ ಇಳಿಯಿತು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತು. ಹಿಂದಿನಿಂದ ಯಾರೋ ಜನಾಜಾದ ಕೆಳಗೆ ಕೈ ತೂರಿಸಿ ಅವರ ಸೊಂಟಕ್ಕೆ ಗುದ್ದುತ್ತಿದ್ದರು, ಇನ್ನೊಬ್ಬ ಹಿಮ್ಮಡಿಗೆ ಒದೆಯುತ್ತಿದ್ದ. ಬಾಗಿಲಿನಿಂದ ಹೆಂಗಸೊಬ್ಬಳು ಚಪ್ಪಲಿ ಎಸೆದಳು, ಅದು ಅಚ್ಛನ್‌ಗೆ ಬಿತ್ತು. "ತಪ್ಪಾಯ್ತು ಅಚ್ಛನ್ ಭಾಯ್, ಗುರಿ ಆ ಮುಂಡೇಗಂಡನಿಗೆ ಇತ್ತು!" ಎಂದು ಆಕೆ ಕೂಗಿದಳು. ಒಂದಿಬ್ಬರು ನಕ್ಕರು.

ಆದರೂ ಒಂದು ಆಸೆ ಇತ್ತು. ಎದುರಿಗೆ ಕೋಲನ್ನು ಹಿಡಿದ ತಮ್ಮದೇ ಮಣಿಕಟ್ಟಿನಲ್ಲಿ ಗಡಿಯಾರ ಇತ್ತು. ಗಡುವು ಐದು ಗಂಟೆಗೆ. ಇನ್ನು ಸ್ವಲ್ಪವೇ ಹೊತ್ತು. ಐದಕ್ಕೆ ಫರ್ಹೀನ್ ತಾನಾಗಿಯೇ ಲೈನ್ ಬಿಡುತ್ತಾಳೆ, ದೀಪ ಹತ್ತುತ್ತದೆ, ಅಪ್ಪನ ಮೇಲಿಟ್ಟ ಆಣೆಯನ್ನು ಅಚ್ಛನ್ ಮುರಿಯಲಾರ. ಬದುಕಿಬಿಟ್ಟೆ ಎಂದುಕೊಂಡು ಸಾಹೇಬರು ತಲೆ ಎತ್ತಿದರು.

ತಿರುವಿನ ಕಂಬ ಕಾಣಿಸಿತು. ಕಂಬದ ತುದಿಯಲ್ಲಿ ಯಾಮೀನ್. ಹರಿದ ತಂತಿಯ ಒಂದು ಕೊನೆಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಬರಿಗೈಯಲ್ಲಿ ಎಳೆಯುತ್ತಿದ್ದ.

ನನ್ನ ಬಿಟ್ಟು ಯಾರು ಬಿಡ್ತಾರೆ ಎಂದು, ಐದರ ಗಡುವನ್ನೇ ಮರೆತು, ತಾವೇ ಹೇಳಿ ಹತ್ತಿಸಿದ್ದು. ಫೋನ್ ತೆಗೆದರು.

"ಫರ್ಹೀನ್, ಐದಕ್ಕೆ ಬಿಡಬೇಡ! ಕಂಬದ ಮೇಲೆ ಮನುಷ್ಯ ಇದಾನೆ! ಕೈಮುಗೀತೀನಿ, ಬಿಡಬೇಡ!"

ಅತ್ತಲಿಂದ ನಿಟ್ಟುಸಿರು ಕೇಳಿಸಿತು. "ಈಗ ತಾನೆ ಬಿಡು ಅಂದ್ರಿ. ಈಗ ಬಿಡಬೇಡ ಅಂತೀರಿ. ಐದು ಗಂಟೆ ಅನ್ನೋದು ಎಲ್ಲಿ ಕದ್ದು ಕೇಳಿದ್ರೋ ಗೊತ್ತಿಲ್ಲ. ಈ ಸಲ ನಾನು ಮೋಸ ಹೋಗಲ್ಲ ಅಣ್ಣ, ಸಾಹೇಬ್ರು ನನ್ನ ನಂಬಿದಾರೆ." ಮತ್ತೆ ಇಟ್ಟಳು. ಮತ್ತೆ ಮಾಡಿದರು. ಎತ್ತಲಿಲ್ಲ.

"ಅಚ್ಛನ್, ಅವನನ್ನು ಇಳ್ಸು" ಎಂದರು ಸಾಹೇಬರು. "ಐದಕ್ಕೆ ಕರೆಂಟ್ ಬರುತ್ತೆ. ಅವನು ಸುಟ್ಟುಹೋಗ್ತಾನೆ."

"ಆಹಾ! ಬಿಡು ಅಂದ್ರೆ ಬರಲ್ಲ, ಬೇಡ ಅಂದ್ರೆ ಬರುತ್ತೆ! ಯಾರ ಕಿವೀಲಿ ಹೂ ಇಡ್ತೀಯೋ? ಅವನು ಜೋಡಿಸಬಾರದು ನಿನಗೆ, ಅಷ್ಟೇ ತಾನೆ? ಸಾಯೋ ಗಳಿಗೇಲೂ ನಮಗೆ ಬೆಳಕು ಸಿಗಬಾರದು ನಿನಗೆ."

"ಅಲ್ಲಾಹ್‌ನ ಆಣೆ ಅಚ್ಛನ್!"

"ಆಣೆಗೂ ಬೀಗ ಹಾಕಿರ್ತೀಯ ನೀನು."

ಕಲಿಮಾದ ಕೂಗು ಏರುತ್ತಿತ್ತು. ಸಾಹೇಬರು "ಯಾಮೀನ್!" ಎಂದು ಕಿರುಚಿದರು. ಆ ಕಿರುಚು ಕೂಗಿನೊಳಗೆ ಎಲ್ಲೋ ಮುಳುಗಿಹೋಯಿತು. ಕಂಬಕ್ಕೆ ಇನ್ನೂ ಇಪ್ಪತ್ತು ಮಾರು ಇತ್ತು. ಗಡಿಯಾರದ ಮುಳ್ಳು ಐದನ್ನು ಮುಟ್ಟುವುದರಲ್ಲಿತ್ತು. ಜೀವಮಾನವೆಲ್ಲ ಅವರು ಕೂತಲ್ಲಿಂದ ಹುಕುಂ ಕೊಟ್ಟವರು. ಹುಕುಂ ಹೋದಲ್ಲಿ ಯಾರದಾದರೂ ಕೈ ಮುರಿಯುತ್ತಿತ್ತು, ಮುಖ ಸುಡುತ್ತಿತ್ತು, ಅವರು ಬಿಸ್ಕತ್ತು ತಿನ್ನುತ್ತಿದ್ದರು. ಈಗ ಅವರ ಹುಕುಂ ಅವರದೇ ಮಾತನ್ನು ಕೇಳುತ್ತಿರಲಿಲ್ಲ. ಉಳಿದದ್ದು ಎರಡು ಕಾಲು ಮಾತ್ರ.

ಪಕ್ಕದಲ್ಲಿ ಪುಣ್ಯಕ್ಕೆ ಕಾದು ನಡೆಯುತ್ತಿದ್ದ ಒಬ್ಬ ಎಳೆಯ ಹುಡುಗನಿಗೆ, "ತಗೋ ಬೇಟಾ" ಎಂದರು. ಅವನ ಹೆಗಲು ಕೋಲಿಗೆ ಸರಿಯಾಗಿ ಕೂತದ್ದನ್ನು ನೋಡಿಕೊಂಡರು. ಆಮೇಲೆ ಹೊರಗೆ ಬಂದು ಓಡಿದರು.

"ಓಡಿದಾ! ಹಿಡೀರಿ!"

ಅರವತ್ತು ದಾಟಿದ ಕಾಲು ಎಷ್ಟು ಓಡೀತು. ಮೊದಲ ಪೆಟ್ಟು ಬೆನ್ನಿಗೆ ಬಿತ್ತು, ಸೈಕಲ್ಲಿನ ಸರಪಳಿ. ಎರಡನೆಯದಕ್ಕೆ ಮೊಣಕಾಲು ಮುರಿಯಿತು. ಬಿದ್ದಲ್ಲಿಂದ ಅಂಗೈ ಊರಿ ತೆವಳಿದರು. "ಇಳಿ! ಯಾಮೀನ್, ಇಳಿ! ಲೈನ್ ಬರುತ್ತೆ!" ಎಂದು ಕೂಗುತ್ತಲೇ ಇದ್ದರು. ಬಾಯಿಗೆ ಒದ್ದರು. ಆಮೇಲೆ ಬಂದ ಮಾತು ರಕ್ತದ ಗುಳ್ಳೆಯಾಗಿ ಒಡೆಯಿತು, ಯಾರಿಗೂ ತಿಳಿಯಲಿಲ್ಲ. ಪಕ್ಕೆಲುಬು ಮುರಿದದ್ದು ಅವರಿಗೇ ಕೇಳಿಸಿತು. ಅಚ್ಛನ್ ತನ್ನ ಮೂಲೆಯನ್ನು ತಮ್ಮನಿಗೆ ಕೊಟ್ಟು ಜನರನ್ನು ಸೀಳಿಕೊಂಡು ಬಂದ. ಸೂಜವನ್ನು ಮಂಜಿಗೆ ಹಾಕುವ ಹಾಗೇ ಎರಡೂ ಕೈಯಲ್ಲಿ ಹಿಡಿದು ಸಾಹೇಬರ ಹೆಗಲ ಕೆಳಗೆ ಇಳಿಸಿದ, ಕಿತ್ತ, ಮತ್ತೆ ಪಕ್ಕೆಗೆ ಇಳಿಸಿದ.

ಕಂಬದ ಮೇಲಿನಿಂದ ಯಾಮೀನ್ ಎಲ್ಲವನ್ನೂ ನೋಡಿದ. ಮಾತು ಅವನಿಗೆ ಕೇಳಿಸಲಿಲ್ಲ. ಕೆಳಗೆ ಬಿದ್ದು ಹೊಡೆಸಿಕೊಳ್ಳುತ್ತಿರುವವರು ಯಾರೆಂದು ಮಾತ್ರ ಗೊತ್ತಾಯಿತು. ಬೆಳಗಿನಿಂದ ತಾನು ತಿಂದ ಒಂದೊಂದು ಏಟೂ ಆ ಮನುಷ್ಯನಿಂದ ಬಂದದ್ದು. ತನ್ನ ಪಾಲಿಗೂ ಒಂದು ಒದೆ ಉಳಿಯಲಿ ಎಂದು ಅವನ ಜೀವ ಹಪಹಪಿಸಿತು. ತಂತಿಯನ್ನು ಹಾಗೇ ಕೈಬಿಟ್ಟ. "ನಿಲ್ರೋ! ನನಗೂ ಒಂದು ಇಡ್ರೋ!" ಎಂದು ಕೂಗುತ್ತ ಸರಸರನೆ ಜಾರಿ ಇಳಿದ, ಕೊನೆಯ ಎರಡಾಳು ಎತ್ತರವನ್ನು ಹಾರಿಯೇ ಬಿಟ್ಟ. ಜನ ಅವನಿಗೆ ದಾರಿ ಬಿಟ್ಟರು. ಅವನ ಹಕ್ಕು ದೊಡ್ಡದೆಂದು ಎಲ್ಲರಿಗೂ ಗೊತ್ತಿತ್ತು.

ಅವನು ಕಾಲು ಎತ್ತಿದಾಗ ಮೇಲೆ ತಂತಿಯ ತುದಿ ಭುಸುಗುಟ್ಟಿತು. ನೀಲಿ ಬೆಂಕಿ ಹಾರಿ ಕಂಬದ ಕಬ್ಬಿಣಕ್ಕೆ ಹೊಡೆಯಿತು. ಅವನ ಕೈಗಳಿದ್ದ ಜಾಗದಲ್ಲಿ ಸಿಕ್ಕಿಸಿಟ್ಟಿದ್ದ ಅವನ ಬಟ್ಟೆಯ ಚೀಲ ಭಗ್ಗನೆ ಹತ್ತಿ, ಉರಿಯುತ್ತಲೇ ಅವನ ಪಕ್ಕದಲ್ಲಿ ಬಿತ್ತು. ಕಂಬದ ಈಚೆಯ ಮನೆಗಳು ಕರೆಂಟಿಲ್ಲದೆಯೇ ಉಳಿದವು. ಆದರೆ ಆಚೆಯ ಅರ್ಧ ಮೊಹಲ್ಲಾಕ್ಕೆ ಬೇರೆ ತಂತಿ ಇತ್ತು. ಅಲ್ಲಿ ಒಂದೇ ಸಲ ಬಲ್ಬುಗಳು ಹತ್ತಿದವು, ಫ್ಯಾನುಗಳು ತಿರುಗಿದವು.

"ಬಂತು! ಲೈನ್ ಬಂತು! ಮೋಟರ್ ಹಾಕ್ರೋ!"

ಆ ಊರಿನವರಿಗೆ ಬೇರೆ ಏನೂ ಹೇಳಬೇಕಿಲ್ಲ. ಕರೆಂಟು ಬಂತೆಂದರೆ ಮೊದಲು ನೀರು. ಕೊಳವೆಯಲ್ಲಿ ಇರುವ ನಾಲ್ಕು ಬಿಂದಿಗೆಯನ್ನು ಪಕ್ಕದ ಮನೆಯವನು ಎಳೆದುಕೊಳ್ಳುವ ಮೊದಲು ಎಳೆದುಕೊಳ್ಳಬೇಕು. ಸರಪಳಿ ಹಿಡಿದವನು ಸರಪಳಿ ಬಿಟ್ಟು ಓಡಿದ. ಒದೆಯುತ್ತಿದ್ದವರು ಓಡಿದರು. ಕಂಬದ ಈಚೆಯವರು ಕೊಡ ತರಲು ಓಡಿದರು, ಆಚೆಯ ನೆಂಟರ ಮನೆಯಲ್ಲಿ ತುಂಬಿಸಿಕೊಳ್ಳಲು. ಕೊಲ್ಲಲು ಸೇರಿದ ಅಷ್ಟು ದೊಡ್ಡ ಜನ ನೋಡನೋಡುತ್ತ ಗಲ್ಲಿಗಳಲ್ಲಿ ಇಂಗಿಹೋಯಿತು. ಉಳಿದದ್ದು ಜನಾಜಾ, ಅದನ್ನು ಹೊತ್ತ ನಾಲ್ವರು, ಇಬ್ಬರು ಮುದುಕರು, ಅಚ್ಛನ್, ಯಾಮೀನ್.

ಯಾಮೀನ್ ಎತ್ತಿದ ಕಾಲನ್ನು ಇಳಿಸಿದ. ಉರಿಯುತ್ತಿದ್ದ ಚೀಲವನ್ನು ನೋಡಿದ, ತನ್ನ ಎರಡು ಕೈಯನ್ನು ನೋಡಿಕೊಂಡ. ಬಗ್ಗಿ ಸಾಹೇಬರ ಬಾಯಿಗೆ ಕಿವಿ ಹಚ್ಚಿದ. ಆ ಬಾಯಿ ಇನ್ನೂ ಅದೊಂದೇ ಮಾತನ್ನು ಆಡುತ್ತಿತ್ತು.

"ಏನಂತಾನೆ?" ಎಂದ ಅಚ್ಛನ್.

"ಇಳಿ ಅಂತಿದಾನೆ." ಯಾಮೀನ್ ತಲೆ ಎತ್ತಿದ. "ನನಗೆ ಇಳಿ ಅಂತ ಹೇಳೋಕೆ ಓಡಿ ಬಂದಿದ್ದು ಕಣೋ ಇವನು. ತಪ್ಪಿಸ್ಕೊಳ್ಳೋಕಲ್ಲ. ಒದೆಯೋಣ ಅಂತ ಇಳಿದೆ ನಾನು. ಇಲ್ಲದಿದ್ರೆ ಅಲ್ಲೇ ಕರಕಾಗಿ ನೇತಾಡ್ತಿದ್ದೆ."

ಅಚ್ಛನ್ ಕೈಯಲ್ಲಿದ್ದ ಸೂಜವನ್ನು ನೋಡಿದ. ಬಿಡು ಅಂದರೆ ಬರಲ್ಲ, ಬೇಡ ಅಂದರೆ ಬರುತ್ತೆ ಎಂದು ತಾನು ಹಂಗಿಸಿದ್ದು ಅವನಿಗೆ ನೆನಪಾಗಿರಬೇಕು. ಜನಾಜಾ ಹೊತ್ತವರಲ್ಲಿ ಒಬ್ಬ, "ಭಾಯ್, ಭಾರ ತಡೆಯಲ್ಲ, ಹೊರಡೋಣ" ಎಂದ.

"ಇಳಿಸ್ರಿ" ಎಂದ ಅಚ್ಛನ್.

"ನಡು ಬೀದೀಲಿ? ಪೈಲ್ವಾನ್ ಚಾಚಾನ?"

"ಅಪ್ಪ ಕಾಯ್ತಾರೆ. ಇವನು ಕಾಯಲ್ಲ. ಬನ್ರೋ, ಹೆಗಲು ಕೊಡ್ರಿ."

ಸಾಹೇಬರಿಗೆ ಕೇಳಿಸುತ್ತಿತ್ತು. ಬಲಗಡೆ ಯಾಮೀನ್, ಎಡಗಡೆ ಅಚ್ಛನ್, ಕಾಲ ಕಡೆ ಇಬ್ಬರು, ದಾರಿ ಬಿಡಿಸಲು ಮುಂದೆ ಇನ್ನಿಬ್ಬರು. ತಮ್ಮನ್ನು ಸೂಜದಿಂದ ಇರಿದವನ ಹೆಗಲ ಮೇಲೆಯೇ ಅವರ ತಲೆ ವಾಲಿತ್ತು. "ಉಳಿಯಲ್ಲ ಅನ್ಸುತ್ತೆ" ಎಂದ ಯಾಮೀನ್. "ಮಾತಾಡ್ಬೇಡ, ಓಡು" ಎಂದ ಅಚ್ಛನ್. ಅವನು ಅಳುತ್ತಿದ್ದ. ಅಪ್ಪನಿಗೋ, ಈ ಮನುಷ್ಯನಿಗೋ ಅವನಿಗೇ ಗೊತ್ತಿರಲಿಲ್ಲ.

ಅವರು ದೊಡ್ಡ ರಸ್ತೆಯ ಆಸ್ಪತ್ರೆಯ ಕಡೆ ಓಡಿದ ಮೇಲೆ ಬೀದಿಯ ನಡುವೆ ಬುಂದನ್ ಪೈಲ್ವಾನ್ ಒಬ್ಬರೇ ಮಲಗಿದ್ದರು. ಸುತ್ತಲ ಮನೆಗಳಲ್ಲಿ ಮೋಟರುಗಳು ಗುರುಗುಡುತ್ತಿದ್ದವು. ಹಲಗೆಯ ಕೆಳಗೆ ಮಂಜಿನ ನೀರು ಹರಿದು ಸಾಹೇಬರ ರಕ್ತವನ್ನು ಚರಂಡಿಯ ಕಡೆ ಒಯ್ಯುತ್ತಿತ್ತು. ಇಬ್ಬರು ಮುದುಕರು ಆಚೀಚೆ ಕೂತು, ಮಗ ಬರುವ ತನಕ, ಸತ್ತವರಿಗೆ ಬೀಸಣಿಗೆ ಬೀಸಿದರು.